ಖಾಂದೇರಿಯ ಲೈಟು

ನಮ್ಮ ಹೊಲದ ಬಾವಿ ಐವತ್ತು ಫೂಟು ಆಳ. ಮೇಲಿನ ಆರೇಳು ಫೂಟು ಎರೆ ಮಣ್ಣು. ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತಿಟ್ಟುಕೊಳ್ಳುವ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುವ ಎರೆ. ಅದರ ಕೆಳಗೆ ಹಿಡಿದರೆ ಉದುರುವ ಮುರುಮು. ಮುರುಮು ಮುಗಿದಲ್ಲಿಗೆ ಗುದ್ದಲಿಯ ಕೆಲಸವೂ ಮುಗಿಯಿತು. ಅಲ್ಲಿಂದ ಕೆಳಗೆ ಕರಿಕಲ್ಲು. ಸುರಂಗ ಹೊಡೆಯುವವರು ಬಂದು ತೂತು ಕೊರೆದು, ಮದ್ದು ತುಂಬಿ, ‘ಸರೀರಿ, ಸರೀರಿ’ ಎಂದು ಕೂಗುತ್ತ ಮೇಲೆ ಓಡಿ ಬರುತ್ತಿದ್ದದ್ದು, ಆಮೇಲೆ ಕಾಲಡಿ ನೆಲ ಗಕ್ಕನೆ ಅಲುಗಿದ್ದು ನನ್ನ ಆರೇಳು ವರ್ಷದ ವಯಸ್ಸಿನ ನೆನಪು. ಮೇಲೆ ಬಂದ ಕಲ್ಲುಚೂರಿನ ಹೊಟ್ಟೆಯೊಳಗೆ ಸಾಬೂದಾಣಿಯಷ್ಟು, ಎಲ್ಲೋ ಒಂದೊಂದರಲ್ಲಿ ಗೋಲಿಯಷ್ಟು ಬಿಳಿ ಹರಳುಗಳಿರುತ್ತಿದ್ದವು. ನಾವು ಹುಡುಗರು ಮೊಳೆಯಿಂದ ಕೆದರಿ ತೆಗೆದು ಚಡ್ಡಿ ಜೇಬಿಗೆ ತುಂಬಿಕೊಳ್ಳುತ್ತಿದ್ದೆವು. ಅವು ವಜ್ರವೆಂದು ನಂಬಿದವರೂ ನಮ್ಮೊಳಗಿದ್ದರು.

ಅದೇ ಹರಳನ್ನು ಮತ್ತೆ ಕಂಡದ್ದು ನಲವತ್ತು ವರ್ಷದ ಮೇಲೆ, ಅರಬ್ಬೀ ಸಮುದ್ರದೊಳಗೆ, ಒಂದು ದೀಪಸ್ತಂಭದ ಬುಡದಲ್ಲಿ.

ಹೋದದ್ದು ಹರಳು ಹುಡುಕಿಕೊಂಡಲ್ಲ. ಪುಣೆಯಲ್ಲಿ ನೌಕರಿ ಮಾಡುವ ಅಕ್ಕನ ಮಗ ಎಳ್ಳ ಅಮವಾಸ್ಯೆಗೆ ಊರಿಗೆ ಬಂದವನು, ‘ಮಾಮಾ, ನಿಮಗ ಸಮುದ್ರ ತೋರಸ್ತೀನಿ, ನಡೀರಿ’ ಎಂದ. ಸಮುದ್ರ ಅಷ್ಟೇ ಅಲ್ಲ, ಸಮುದ್ರದ ನಡುವಿನ ಲೈಟ್‌ಹೌಸು. ಒಲೆಯ ಮುಂದೆ ಕೂತಿದ್ದ ನಮ್ಮ ಆಯಿಗೆ ಅರ್ಧ ಕೇಳಿಸಿತು. ‘ಲೈಟ್‌ಹೌಸ್ ಅಂದ್ರ ಲೈಟಿನ ಆಫೀಸೇನೋ? ಬಿಲ್ಲು ಕಟ್ಟಲಾಕ ಅಷ್ಟು ದೂರ ಹೋಗ್ತೀರಾ?’ ಎಂದು ಕೇಳಿದಳು. ನಮ್ಮ ಕಡೆ ಕರೆಂಟಿಗೆ ಲೈಟು ಅಂತಲೇ ಹೆಸರು. ಲೈಟು ಬರುತ್ತದೆ, ಹೋಗುತ್ತದೆ. ಹಡಗಿಗೆ ದಾರಿ ತೋರಿಸುವ ದೀಪ ಎಂದು ಬಿಡಿಸಿ ಹೇಳಿದ ಮೇಲೆ ಆಕೆಗೆ ಉಳಿದ ಸಂಶಯ ಒಂದೇ: ‘ಅಲ್ಲಿ ಲೈಟ್ ಹೋಗಂಗಿಲ್ಲೇನ?’

ಅಮವಾಸ್ಯೆಯ ದಿನ ಹೊಲದಲ್ಲಿ ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ, ಭಜ್ಜಿ-ರೊಟ್ಟಿ-ಅಂಬಲಿ ಎಡೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿದೆವು. ಮರುದಿನ ಸಸ್ತಾಪುರ ಬಂಗ್ಲಾದಲ್ಲಿ ಸೊಲ್ಲಾಪುರದ ಬಸ್ಸು. ಕೈಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಈ ದಾರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಹೊರಟು ಸೊಲ್ಲಾಪುರ, ಉಜನಿಯ ಹಿನ್ನೀರು, ಪುಣೆ, ಖಂಡಾಳಾ ಘಾಟು ಇಳಿದು ಅಲಿಬಾಗದ ಸಮುದ್ರದಂಡೆ ಮುಟ್ಟುವತನಕ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಷ್ಟೂ ದೂರ ನೆಲದ ಕೆಳಗಿರುವುದು ಒಂದೇ ಕಲ್ಲು, ನಮ್ಮ ಬಾವಿಯದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಇದು. ಬೆಟ್ಟದ ತುದಿಯಿಂದ ಹೊಗೆಯುಗುಳುವ ಚಿತ್ರದ ಜ್ವಾಲಾಮುಖಿ ಅಲ್ಲ. ಉದ್ದುದ್ದ ಸೀಳಿದ ನೆಲದಿಂದ ಹಾಲುಕ್ಕಿದಂತೆ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೆ ಉಕ್ಕಿ, ಪದರದ ಮೇಲೆ ಪದರ ಕೂತದ್ದು. ಸವೆದು ಉಳಿದದ್ದೇ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಮ್ಮ ಬೀದರ್ ಜಿಲ್ಲೆ ಈ ಚಾದರದ ಆಗ್ನೇಯದ ಅಂಚು, ಇಲ್ಲಿ ಅದು ತೆಳ್ಳಗೆ. ಪಶ್ಚಿಮಕ್ಕೆ ಹೋದಷ್ಟೂ ದಪ್ಪವಾಗುತ್ತ ಸಹ್ಯಾದ್ರಿಯೇ ಆಗಿ ನಿಲ್ಲುತ್ತದೆ. ಖಂಡಾಳಾದ ಘಾಟಿನಲ್ಲಿ ಬಸ್ಸಿನ ಕಿಟಕಿಯಿಂದ ಎದುರು ಬೆಟ್ಟ ನೋಡಿದರೆ ಯಾರೋ ಮೆಟ್ಟಿಲು ಕಡಿದಂತೆ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಎನ್ನುವುದೂ ಅದಕ್ಕೇ. ಟ್ರ್ಯಾಪ್ ಎಂದರೆ ಇಲ್ಲಿ ಬೋನಲ್ಲ, ಸ್ವೀಡನ್ನಿನ ಭಾಷೆಯಲ್ಲಿ ಮೆಟ್ಟಿಲು.

ಆ ಲಾವಾ ಉಕ್ಕಿಸಿದ ಬೆಂಕಿ ಆರಿಲ್ಲ. ಭೂಮಿಯ ಒಳಗೆ ಅದು ಇದ್ದಲ್ಲೇ ಇತ್ತು, ಅದರ ಮೇಲಿನಿಂದ ನಾವೇ ಉತ್ತರಕ್ಕೆ ಸರಿದು ಬಂದೆವು. ಅದು ಸುಟ್ಟ ಗುರುತು ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್‌ಗಳ ಬುಡದಲ್ಲಿದೆ. ಈಗ ಅದು ರೀಯೂನಿಯನ್ ದ್ವೀಪದ ಕೆಳಗೆ, ಅಲ್ಲಿನ ಪಿತೋಂ ದ ಲಾ ಫೂರ್ನೇಸ್ ಎಂಬ ಬೆಟ್ಟದಲ್ಲಿ ಇವತ್ತಿಗೂ ಕುದಿಯುತ್ತಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಜ್ವಾಲಾಮುಖಿಯವೇ. ಆದರೆ ಅವು ಇನ್ನೂ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಒಂದೇ ರಾಜ್ಯದ ಕಲ್ಲಾದರೂ ನಮ್ಮದಕ್ಕೂ ಅದಕ್ಕೂ ನೆಂಟಸ್ತನವಿಲ್ಲ. ನಮ್ಮ ನೆಂಟ ಕಲ್ಲು ನೋಡಬೇಕಾದರೆ ಗಡಿ ದಾಟಿ ಕೊಂಕಣಕ್ಕೆ ಹೋಗಬೇಕು.

(ಈ ಕಲ್ಲನ್ನು ಹೊಗಳುವಾಗ ನನಗೆ ಸ್ವಲ್ಪ ಅಳುಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಬಿದ್ದದ್ದು ಇದೇ ಕರಿಕಲ್ಲನ್ನು ಬರೀ ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಅದರ ಮೇಲಿನ ಭಾರದ ಮಾಳಿಗೆ.)

ಅಲಿಬಾಗದ ಉತ್ತರಕ್ಕೆ ಥಳ್ ಎಂಬ ಕೋಳಿಯರ ಊರು. ಕೋಳಿ ಎಂದರೆ ಮೀನುಗಾರರು. ಬೀದಿಯ ಎರಡೂ ಕಡೆ ಬಿದಿರಿನ ಗಳಕ್ಕೆ ಬೊಂಬಿಲ್ ಮೀನು ಒಣಹಾಕಿದ್ದರು. ನಮ್ಮ ಕೈಚೀಲದ ಶೇಂಗಾ ಹಿಂಡಿಯ ವಾಸನೆ ಅಲ್ಲಿ ಸೋತು ಸುಮ್ಮನಾಯಿತು. ದೋಣಿಯವರು ಮಾತಾಡಿದ್ದು ಮರಾಠಿ. ಗಡಿಯಲ್ಲಿ ಹುಟ್ಟಿದವರಿಗೆ ಅದೊಂದು ಅಡ್ಡಿಯಲ್ಲ. ‘ಅಮವಾಸ್ಯೆ ಕಳೆದು ಎರಡು ದಿನ, ಭರತಿ ಜೋರದ. ಮಧ್ಯಾಹ್ನ ನೀರು ತುಂಬತಾವ, ಅಷ್ಟರೊಳಗ ಮುಟ್ಟಬೇಕು’ ಎಂಬುದು ಅವರು ಹೇಳಿದ್ದರ ಸಾರ. ಭರತಿ ಎಂದರೆ ಉಬ್ಬರ. ನಮಗೆ ಎಳ್ಳ ಅಮವಾಸ್ಯೆ ಎಂದರೆ ಹೊಲದ ಊಟ. ಅದೇ ತಿಥಿ ಈ ದಂಡೆಯಲ್ಲಿ ನೀರಿನ ಲೆಕ್ಕವಾಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಚಂದ್ರನೂ ಸೂರ್ಯನೂ ಒಂದೇ ಕಡೆ ನಿಂತು ಎಳೆಯುವ ದಿನಗಳಲ್ಲಿ ಸಮುದ್ರ ಎಲ್ಲಕ್ಕಿಂತ ಹೆಚ್ಚು ಏರುತ್ತದೆ, ಎಲ್ಲಕ್ಕಿಂತ ಹೆಚ್ಚು ಇಳಿಯುತ್ತದೆ.

ದಂಡೆಯಿಂದ ನಾಲ್ಕೈದು ಕಿಲೋಮೀಟರ್. ಮೊದಲು ಉಂದೇರಿ, ಚಪ್ಪಟೆ, ತಗ್ಗು. ಅದರಾಚೆ ಖಾಂದೇರಿ, ಎರಡು ದಿಬ್ಬ, ನಡುವೆ ತಗ್ಗು, ಕೂತ ಎತ್ತಿನ ಬೆನ್ನಿನ ಹಾಗೆ. ಒಂದು ದಿಬ್ಬದ ಮೇಲೆ ಬಿಳಿ ಗೋಪುರ. ದೋಣಿ ಅಲೆಯ ಮೇಲೆ ಏರಿದಾಗ ಕಾಣುವುದು, ಇಳಿದಾಗ ಮುಳುಗುವುದು. ನಾನು ಎರಡೂ ಕೈಯಿಂದ ಹಲಗೆ ಹಿಡಿದಿದ್ದೆ. ಅಳಿಯ ನಕ್ಕ. ‘ನಿಮ್ಮ ಊರಿನ ರಾಜರು ಇದೇ ಸಮುದ್ರ ಆಳಿದಾರಂತ ಶಾಲೆಯೊಳಗ ಹೇಳ್ತಿದ್ರಿ, ನೀವು ಹಿಂಗ ಹೆದರಿದ್ರ ಹೆಂಗ?’

ಅವನು ಚುಚ್ಚಿದ್ದರಲ್ಲಿ ಸುಳ್ಳಿಲ್ಲ. 9ನೆಯ ಶತಮಾನದ ಮೊದಲ ದಶಕದಲ್ಲಿ ರಾಷ್ಟ್ರಕೂಟರ ಮೂರನೆಯ ಗೋವಿಂದ ತನ್ನ ತಾಮ್ರಶಾಸನಗಳನ್ನು ಮಯೂರಖಂಡಿಯಿಂದ ಹೊರಡಿಸಿದ. ಆ ಮಯೂರಖಂಡಿ ನಮ್ಮ ಊರು ಮೋರಖಂಡಿಯೇ ಎಂಬುದು ಕೆಲವು ವಿದ್ವಾಂಸರ ಮತ. ಅಲ್ಲ, ಅದು ನಾಸಿಕದ ಕಡೆಯ ಮಾರ್ಕಿಂಡ ಬೆಟ್ಟ ಎಂಬುದು ಇನ್ನು ಕೆಲವರದು. ನಾನು ಊರವನು, ನನ್ನ ವೋಟು ಯಾವ ಕಡೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗೋವಿಂದನ ಮಗ ಅಮೋಘವರ್ಷ ಮಾನ್ಯಖೇಟದಲ್ಲಿ ಕೂತ. ಅವನ ಕಾಲದಲ್ಲಿ, 851ರಲ್ಲಿ, ಅರಬ್ಬರ ಸುಲೈಮಾನನ ಹೆಸರಿನಲ್ಲಿ ಸಿಗುವ ಬರಹ ‘ಬಲ್ಹರಾ’ನನ್ನು, ಅಂದರೆ ವಲ್ಲಭರಾಜನನ್ನು, ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸುತ್ತದೆ. ರಾಜಧಾನಿ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ಹೆಸರು ಮಾತ್ರ ಸಮುದ್ರದಾಚೆ. ಉತ್ತರ ಕೊಂಕಣದ ಈ ದಂಡೆಯನ್ನು ರಾಷ್ಟ್ರಕೂಟರ ಪರವಾಗಿ ಆಳಿದವರು ಶಿಲಾಹಾರರು. ಅವರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಈಗಿನ ಧಾರಾಶಿವದ ಬಳಿಯ ತೇರ್, ಹೆಚ್ಚೂಕಡಿಮೆ ನಮ್ಮ ನೆರೆಯೂರು.

ಇವೆಲ್ಲದಕ್ಕಿಂತ ನನಗೆ ಪ್ರಿಯವಾದದ್ದು ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಪಟ. ಮುಂಬಯಿಯ ಉತ್ತರಕ್ಕೆ ಸಂಜಾನದಲ್ಲಿ ರಾಷ್ಟ್ರಕೂಟರು ಅಧಿಕಾರಿಯಾಗಿ ನೇಮಿಸಿದ್ದು ಮಧುಮತಿ ಎಂಬ ತಾಜಿಕನನ್ನು. ತಾಜಿಕ ಎಂದರೆ ಅರಬ. ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರು ಸಂಸ್ಕೃತಕ್ಕೆ ಹೊಂದಿಕೊಂಡ ಬಗೆ. ಅವನು ಅಲ್ಲಿ ಎರಡು ಹೊಳೆಗಳಿಗೆ ಹಣ ಕೇಳದ ದೋಣಿ ಇಡಿಸಿದ, ಬಂದವರಿಗೆ ಅನ್ನ, ಮೇಲೋಗರ, ತುಪ್ಪ ಬಡಿಸುವ ಛತ್ರ ನಡೆಸಿದ ಎಂದು ಪಟ ಹೇಳುತ್ತದೆ. ಕನ್ನಡ ನಾಡಿನ ಅರಸ, ಅರಬ ಅಧಿಕಾರಿ, ಕೊಂಕಣದ ಹೊಳೆ, ಧರ್ಮದ ದೋಣಿ. ನಮ್ಮ ದೋಣಿಯವರು ಮಾತ್ರ ಬಾಡಿಗೆಯನ್ನು ಹತ್ತುವ ಮೊದಲೇ ಎಣಿಸಿಕೊಂಡಿದ್ದರು.

ಕಟ್ಟೆಗೆ ದೋಣಿ ತಾಗಿಸಿ ಇಳಿದೆವು. ಮೊದಲು ಕಂಡದ್ದು ಕೋಟೆಯೂ ಅಲ್ಲ, ಗೋಪುರವೂ ಅಲ್ಲ, ನೀರಿನಂಚಿನ ಬಂಡೆ. ಕೆಳಗೆ ಸಿಂಪಿಯ ಚಿಪ್ಪು ಅಂಟಿ ಚೂಪಾಗಿತ್ತು. ಮೇಲೆ ಒಣಗಿದ ಕಡೆ ಕಪ್ಪು, ಅದರ ಮೈತುಂಬ ಸಣ್ಣ ಸಣ್ಣ ತೂತು. ಲಾವಾ ಕುದಿಯುವಾಗ ಒಳಗಿದ್ದ ಗಾಳಿಗುಳ್ಳೆ ಹಾಗೇ ಆರಿ ಉಳಿದ ತೂತುಗಳವು. ಕೆಲವು ಖಾಲಿ, ಕೆಲವು ಬಿಳಿ ಹರಳಿನಿಂದ ತುಂಬಿದ್ದವು. ಕುಕ್ಕುರುಗಾಲಿನಲ್ಲಿ ಕೂತು ಉಗುರಿನಿಂದ ಕೆದರಿದೆ. ಬರಲಿಲ್ಲ. ಮೊಳೆ ಬೇಕಿತ್ತು. ಅಳಿಯ ಸಮುದ್ರದ ಫೋಟೊ ತೆಗೆಯುತ್ತಿದ್ದ, ನಾನು ಸಮುದ್ರಕ್ಕೆ ಬೆನ್ನು ಹಾಕಿ ಕಲ್ಲು ನೋಡುತ್ತಿದ್ದೆ. ಐವತ್ತು ಫೂಟು ಕೆಳಗೆ ಕತ್ತಲಲ್ಲಿ ನೀರು ಹಿಡಿದು ಕೂತ ಕಲ್ಲು ಇಲ್ಲಿ ಬಿಸಿಲಿಗೆ ಬಿದ್ದು ಉಪ್ಪುನೀರಿನ ಹೊಡೆತ ತಿನ್ನುತ್ತಿದೆ ಎಂಬುದು ಯಾಕೋ ಮನಸ್ಸಿಗೆ ತಟ್ಟಿತು.

ಕಟ್ಟೆಗೆ ಹತ್ತಿರದಲ್ಲೇ ವೇತಾಳನ ಗುಡಿ. ಹೆಗಲೇರಿ ಕತೆ ಹೇಳುವ ನಮ್ಮ ಬೇತಾಳನನ್ನು ನೆನೆದು ಒಳಗೆ ಹೋದರೆ, ಇರುವುದು ಬಿಳಿ ಬಳಿದ ದೊಡ್ಡ ಉರುಟು ಬಂಡೆ. ಕೈಕಾಲಿಲ್ಲ, ಮೂರ್ತಿಯ ಸೋಗಿಲ್ಲ. ಕೋಳಿಯರ ರಕ್ಷಕ ದೇವರು. ಹೋಳಿಯ ಸುಮಾರಿಗೆ ದೋಣಿ ತುಂಬ ಜನ ಬರುತ್ತಾರೆ. ಎರಡು ದಿನದ ಹಿಂದೆ ನಾವು ಹೊಲದಲ್ಲಿ ಸುಣ್ಣ ಬಳಿದು ಕೂರಿಸಿದ್ದ ಐದು ಕಲ್ಲು ನೆನಪಾದವು. ಇವನು ಅವರ ದೊಡ್ಡಪ್ಪನ ಹಾಗಿದ್ದ. ಕೈಚೀಲದಿಂದ ಒಂದು ತುಂಡು ರೊಟ್ಟಿ ತೆಗೆದು ಮುಂದಿಟ್ಟೆ. ದೋಣಿಯವರು ನೋಡಿದರು, ಏನೂ ಅನ್ನಲಿಲ್ಲ.

ಅಲ್ಲಿಂದ ಮುಂದೆ ಈ ದ್ವೀಪದ ಪ್ರಸಿದ್ಧ ಕಲ್ಲು. ಬೇರೆ ಬಂಡೆಗಳ ನಡುವೆ ಬಿದ್ದಿರುವ, ನೋಡಲು ಏನೂ ವಿಶೇಷವಿಲ್ಲದ ಕರಿಬಂಡೆ. ಸಣ್ಣ ಕಲ್ಲೊಂದನ್ನು ತೆಗೆದುಕೊಂಡು ಬಡಿದರೆ ಕಬ್ಬಿಣ ಬಡಿದ ಸದ್ದು, ಶಾಲೆಯ ಗಂಟೆಯ ಬದಲು ತೂಗುಹಾಕಿರುತ್ತಿದ್ದ ರೈಲು ಹಳಿಯ ತುಂಡಿನದೇ ಸದ್ದು. ಬಂದವರೆಲ್ಲ ಬಡಿದೂ ಬಡಿದೂ ಅಲ್ಲಲ್ಲಿ ಗುಳಿ ಬಿದ್ದಿವೆ. ಒಳಗೆ ಬಿರುಕಿಲ್ಲದ, ನುಣುಪಾದ ಕಣದ ಬಂಡೆ, ಪೂರಾ ನೆಲಕ್ಕೆ ಒರಗದೆ ಎಲ್ಲೋ ಎರಡು ಮೂರು ಕಡೆ ಮಾತ್ರ ಆತುಕೊಂಡಿದ್ದರೆ ನಡುಕ ಒಳಗೇ ಉಳಿದು ಹೀಗೆ ನುಡಿಯುತ್ತದೆ ಎನ್ನುತ್ತಾರೆ. ನಾನು ನಾಲ್ಕು ಸಲ ಬಡಿದೆ. ಐದನೆಯದಕ್ಕೆ ಅಳಿಯ ಕೈ ಹಿಡಿದ.

ಕೋಟೆಯ ಕತೆ ದೊಡ್ಡದು, ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. 1679ರಲ್ಲಿ ಶಿವಾಜಿ ಈ ದ್ವೀಪಕ್ಕೆ ಕೋಟೆ ಕಟ್ಟಿಸಲು ಜನ ಕಳಿಸಿದ. ಮುಂಬಯಿಯ ಬಾಗಿಲಲ್ಲೇ ಮರಾಠರ ಕಾವಲು ಎಂದರೆ ಇಂಗ್ಲಿಷರಿಗೆ ನಿದ್ದೆ ಹೇಗೆ ಬಂದೀತು? ಹಡಗು ತಂದು ಸುತ್ತುಗಟ್ಟಿದರು. ದೊಡ್ಡ ಹಡಗಿಗೆ ಗಾಳಿ ಬೇಕು. ಮರಾಠರ ಸಣ್ಣ ದೋಣಿಗಳು ರಾತ್ರಿ ಹುಟ್ಟು ಹಾಕಿಕೊಂಡು ಅವರ ನಡುವಿನಿಂದಲೇ ಸಾಮಾನು ಸಾಗಿಸಿದವು. ಮರುವರ್ಷದ ಮೊದಲಲ್ಲಿ ಇಂಗ್ಲಿಷರು ಹಿಂದೆ ಸರಿದರು. ಜಂಜಿರೆಯ ಸಿದ್ದಿಗಳು ಮಾತ್ರ ಬಿಡದೆ ಪಕ್ಕದ ಉಂದೇರಿಯಲ್ಲಿ ತಮ್ಮ ಕೋಟೆ ಎಬ್ಬಿಸಿದರು. ಹೀಗೆ ಅಣ್ಣತಮ್ಮಂದಿರಂತೆ ಅಕ್ಕಪಕ್ಕ ಇರುವ ಎರಡು ದ್ವೀಪಗಳು ವರ್ಷಗಟ್ಟಲೆ ಒಂದರ ಮೇಲೊಂದು ಗುಂಡು ಹಾರಿಸಿದವು. ಗಾಲಿಯ ಮೇಲೆ ಕೂತ ತೋಪುಗಳು ಇನ್ನೂ ಅಲ್ಲೇ ತುಕ್ಕು ತಿನ್ನುತ್ತಿವೆ. 1818ಕ್ಕೆ ದ್ವೀಪ ಇಂಗ್ಲಿಷರಿಗೆ ಹೋಯಿತು. 1998ರಲ್ಲಿ ಇದಕ್ಕೆ ಮರಾಠರ ನೌಕಾಪಡೆಯ ಕಾನ್ಹೋಜಿ ಆಂಗ್ರೆಯ ಹೆಸರಿಟ್ಟರು. ಖಾಂದೇರಿ ಎಂಬ ಹೆಸರು ನೌಕಾಪಡೆಯ ಜಲಾಂತರ್ಗಾಮಿಗೆ ಹೋಯಿತು. ಈಗಿರುವುದು 2019ರಲ್ಲಿ ಸೇವೆಗೆ ಸೇರಿದ್ದು. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಖಾಂದೇರಿಯೂ ಒಂದು.

ಇಂಗ್ಲಿಷರಿಗೆ ಕೋಟೆ ಬೇಕಿರಲಿಲ್ಲ, ಎತ್ತರ ಬೇಕಿತ್ತು. ದಕ್ಷಿಣದಿಂದ ಮುಂಬಯಿ ಬಂದರಿಗೆ ಬರುವ ಹಡಗಿಗೆ ಬಂಡೆಗಳ ದಂಡೆಯಿಂದ ದೂರವಿರು ಎಂದು ಹೇಳುವ ದೀಪ. 1867ರಲ್ಲಿ ಅದು ಎದ್ದಿತು. ಆಗ ನಮ್ಮ ಬಸವಕಲ್ಯಾಣ ನಿಜಾಮನ ರಾಜ್ಯದೊಳಗಿನ ನವಾಬರ ಜಹಗೀರು. ನಮ್ಮ ಕರಾವಳಿಯ ಕಾಪುವಿನ ದೀಪಸ್ತಂಭ ಕಟ್ಟಿದ್ದು ಇದಾದ 34 ವರ್ಷಕ್ಕೆ, 1901ರಲ್ಲಿ.

ದಿಬ್ಬ ಹತ್ತಿದರೆ ಮೊದಲು ಒಂದು ಚೌಕದ ಮನೆ, ಅದರ ನಡುನೆತ್ತಿಯಿಂದ ಎಂಟು ಮೂಲೆಯ ಗೋಪುರ. ಜಾತ್ರೆಯ ಗುಡಿಗಳ ಮುಂದೆ ನಿಲ್ಲುವ ದೀಪಮಾಲೆ ಕಂಬ ನೋಡಿ ಬೆಳೆದ ಕಣ್ಣಿಗೆ ಇದು ಹೊಸದೆನಿಸಲಿಲ್ಲ. ವ್ಯತ್ಯಾಸವಿಷ್ಟೇ: ದೀಪಮಾಲೆ ತನ್ನ ದೇವರಿಗೆ ಉರಿಯುತ್ತದೆ, ಅದೂ ಕಾರ್ತಿಕಕ್ಕೊಮ್ಮೆ, ಜಾತ್ರೆಗೊಮ್ಮೆ. ಇದು ದಿನಾ ಉರಿಯುತ್ತದೆ, ಯಾರೆಂದು ಗೊತ್ತಿಲ್ಲದವರಿಗೆ. ಒಳಗೆ ಸುತ್ತು ಮೆಟ್ಟಿಲು. ಸುಣ್ಣದ ತಂಪು, ಎಣ್ಣೆಯ ವಾಸನೆ. ಮೊಳಕಾಲು ತಮ್ಮ ವಯಸ್ಸು ಹೇಳಿದವು. ದೀಪದ ಕೋಣೆಗೆ ಬೀಗ. ಹೊರಗಿನ ಸುತ್ತುಕಟ್ಟೆಯವರೆಗೆ ಬಿಟ್ಟರು.

ಕಾವಲಿನವರು ಬಿಡುವಾಗಿದ್ದರು, ನಾಲ್ಕು ಮಾತು ಆಡಿದರು. ದೀಪ ದೊಡ್ಡದಿರಬೇಕಿಲ್ಲ ಎಂಬುದು ನಾನು ಅಲ್ಲಿ ಕಲಿತ ಪಾಠ. ಸುಮ್ಮನೆ ಉರಿಯುವ ದೀಪದ ಬೆಳಕು ಆಕಾಶಕ್ಕೂ ನೆಲಕ್ಕೂ ಚೆಲ್ಲಿ ಹಾಳಾಗುತ್ತದೆ. ಹಾಗೆ ಚೆಲ್ಲಿದ್ದನ್ನೆಲ್ಲ ಬಾಚಿ ಒಂದೇ ಅಡ್ಡಗೆರೆಯಲ್ಲಿ ಸಮುದ್ರದ ಮೇಲೆ ಹಾಯಿಸುವುದು ಸುತ್ತಲಿನ ಗಾಜಿನ ಕೆಲಸ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಕಂಡುಕೊಂಡ ಉಪಾಯವದು. ಮೊದಲು ಬಳಕೆಗೆ ಬಂದದ್ದು 1823ರಲ್ಲಿ, ಅಲ್ಲಿನ ಕೋರ್ದುವಾನ್ ದೀಪಸ್ತಂಭದಲ್ಲಿ. ದಪ್ಪ ಭೂತಗನ್ನಡಿಯ ಬದಲು ಉಂಗುರದ ಸುತ್ತ ಉಂಗುರವಾಗಿ ಜೋಡಿಸಿದ ಗಾಜಿನ ಪಟ್ಟಿ. ಎಣ್ಣೆ ಬತ್ತಿಯ ಕಾಲದಲ್ಲೂ ಬೆಳಕು ಮೈಲಿಗಟ್ಟಲೆ ಹೋಗುತ್ತಿದ್ದದ್ದು ಇದರಿಂದ. ಇನ್ನೊಂದು ಸಂಗತಿ: ಒಂದು ದೀಪಸ್ತಂಭ ಮಿನುಗಿದ ಹಾಗೆ ಅದರ ನೆರೆಯದು ಮಿನುಗುವುದಿಲ್ಲ. ಎಷ್ಟು ಮಿಂಚು, ಎಷ್ಟು ಹೊತ್ತಿನ ಕತ್ತಲು ಎಂದು ಎಣಿಸಿಯೇ ನಾವಿಕರು ಇದು ಇಂಥ ಊರು ಎಂದು ಹೇಳುತ್ತಾರೆ. ಬೆಳಕಿನಷ್ಟೇ ಕತ್ತಲೂ ಲೆಕ್ಕಕ್ಕೆ ಬರುವ ಭಾಷೆ.

ಸುತ್ತುಕಟ್ಟೆಯ ಮೇಲೆ ಗಾಳಿ ಅಂಗಿ ಹರಿಯುವ ಹಾಗಿತ್ತು. ಉತ್ತರಕ್ಕೆ ಮಬ್ಬಿನಲ್ಲಿ ಮುಂಬಯಿಯ ಕಟ್ಟಡಗಳು, ಹೊಲದ ಬಾಂದಿನ ಮೇಲೆ ಒಟ್ಟಿದ ತೊಗರಿ ಕಟ್ಟಿಗೆಯ ಹಾಗೆ. ಕೊಲಾಬಾದ ಆಚೆ ಬಂಡೆಯ ಮೇಲೆ ನಿಂತ ಪ್ರಾಂಗ್ಸ್ ದೀಪಸ್ತಂಭ ಅಲ್ಲೇ ಎಲ್ಲೋ ಇದೆ, 1875ರದು, ಖಾಂದೇರಿಯ ತಂಗಿ. ನಡುವೆ ಬಂದರಿಗೆ ಸರದಿ ಕಾಯುತ್ತ ನಿಂತ ಹಡಗುಗಳು. ದಕ್ಷಿಣಕ್ಕೆ ದಂಡೆಗೆ ಅಂಟಿದಂತೆ ಅಲಿಬಾಗದ ಕುಲಾಬಾ ಕೋಟೆ. ಪಶ್ಚಿಮಕ್ಕೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ನೋಡುತ್ತ ಬಹಳ ಹೊತ್ತು ನಿಂತೆ. ನಮ್ಮ ಎರೆಯ ಬಯಲಿನಲ್ಲೂ ಸುಗ್ಗಿ ಮುಗಿದ ಮೇಲೆ ದೂರಕ್ಕೆ ದೂರ ಏನೂ ಇರುವುದಿಲ್ಲ, ಆದರೆ ಕೊನೆಗೆ ಒಂದು ಬೇವಿನ ಮರವಾದರೂ ಸಿಕ್ಕುತ್ತದೆ.

ನೀರು ಇಳಿಯುವ ಮೊದಲು ದೋಣಿಯವರು ಕೂಗಿದರು. ಥಳ್ ಮುಟ್ಟಿದಾಗ ಮೂರೂವರೆ.

ಆ ರಾತ್ರಿ ಊರಿಗೆ ಹೊರಡಬಹುದಿತ್ತು, ಹೊರಡಲಿಲ್ಲ. ದಂಡೆಯ ಮರಳಿನಲ್ಲಿ ಕೂತೆವು. ಚಂದ್ರ ಗೆರೆಯಷ್ಟೇ ತೋರಿ ಮುಳುಗಿದ್ದ. ಕತ್ತಲೆ ಕವಿದ ಮೇಲೆ ದ್ವೀಪ ಕಾಣದಾಯಿತು. ಅದಿದ್ದ ಜಾಗದಲ್ಲಿ ಬೆಳಕು ಬಂತು, ಹೋಯಿತು, ಬಂತು. ಅಳಿಯ ಊರಿಗೆ ಫೋನು ಹಚ್ಚಿ ಆಯಿಗೆ ಕೊಟ್ಟ. ‘ಹೇಳೋ, ಹೋಗ್ತದೇನ?’ ಎಂದಳು. ಹೋಗ್ತದ, ಆದರ ಎಣಿಸಿ ಹೋಗ್ತದ, ಎಣಿಸಿ ಬರ್ತದ ಎಂದೆ. ಆಕೆಗೆ ಇದು ಬಹಳ ಹಿಡಿಸಿತು. ‘ನಮ್ಮದಕ್ಕೂ ಹಂಗ ಎಣಿಸಲಾಕ ಹೇಳ್ರಿ’ ಎಂದು ಫೋನು ಇಟ್ಟಳು.

ಹೋಗುವವರಿಗೆ ಒಂದು ಸೂಚನೆ. ಮಳೆಗಾಲದಲ್ಲಿ ಈ ದಾರಿ ಬೇಡ, ಸಮುದ್ರ ಒಪ್ಪುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ, ಉಬ್ಬರ-ಇಳಿತದ ವೇಳೆಯನ್ನು ದೋಣಿಯವರನ್ನೇ ಕೇಳಿ, ಗೋಪುರ ಹತ್ತಲು ಬಿಡುವುದು ಬಿಡದಿರುವುದು ಅಲ್ಲಿನವರ ಮರ್ಜಿ ಎಂದು ತಿಳಿದಿರಿ. ಕುಡಿಯುವ ನೀರು ಜೊತೆಗಿರಲಿ. ಹರಳು ಕೀಳಲು ಮೊಳೆ ಒಯ್ಯಬೇಡಿ. ಅವು ಅಲ್ಲೇ ಇರಲಿ.

ಊರಿಗೆ ಬಂದ ಮರುದಿನ ಬಾವಿಯ ದಂಡೆಗೆ ಹೋದೆ. ಸುರಂಗ ಹೊಡೆದಾಗ ಮೇಲೆ ಬಂದ ಕಲ್ಲುಗಳನ್ನು ಅಂದು ಬಾಂದಿಗೆ ಒಟ್ಟಿದ್ದು ಹಾಗೇ ಇವೆ. ಒಂದೊಂದಾಗಿ ಬಡಿದು ನೋಡಿದೆ. ಪಕ್ಕದ ಹೊಲದವರು ಕಡಲೆ ಕೀಳುವುದನ್ನು ಬಿಟ್ಟು ನಿಂತು ನೋಡಿದರು. ಎಲ್ಲವೂ ಠಪ್ ಠಪ್ ಅಂದವು. ಗಂಟೆಯ ಹಾಗೆ ನುಡಿಯುವುದು ಇನ್ನೂ ಒಂದೂ ಸಿಕ್ಕಿಲ್ಲ. ಪೂರ್ವದ ಬಾಂದು ಇನ್ನೂ ಬಾಕಿ ಇದೆ.